ಕಾಂತಬಲಕ್ಕೆ ಲೋಹ ಬಾಗುವ ಸಿಮ್ಯುಲೇಶನ್ ಕೈಕೊಟ್ಟಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಮೋಟಾರ್, ರಿಲೇ, ಬಸ್‌ಬಾರ್, ಪೀಜೋ ಸೆನ್ಸರ್, ಮೈಕ್ರೋ ಸ್ವಿಚ್. ಇವೆಲ್ಲದರಲ್ಲೂ ನಡೆಯುವುದು ಒಂದೇ. ವಿದ್ಯುತ್ ಅಥವಾ ಕಾಂತಕ್ಷೇತ್ರ ಬಲ ಹುಟ್ಟಿಸುತ್ತದೆ. ಆ ಬಲಕ್ಕೆ ವಸ್ತು ಬಾಗುತ್ತದೆ, ಇಲ್ಲವೇ ನಡುಗುತ್ತದೆ. ಬಾಗಿದ ಮೇಲೆ ಕ್ಷೇತ್ರವೂ ಬದಲಾಗುತ್ತದೆ. ಇವನ್ನು ಒಂದೇ ಮಾಡೆಲ್‌ನಲ್ಲಿ ಕೂಡಿಸಿದಾಗ ಬರುವ ತೊಂದರೆಗಳಲ್ಲಿ ಹೆಚ್ಚಿನವು ಎರಡರ ನಡುವಿನ ಸೇತುವೆಯಲ್ಲಿ, ಅಂದರೆ ಬಲದಲ್ಲಿ ಹುಟ್ಟುತ್ತವೆ. ಅದಕ್ಕೇ ಕೆಳಗಿನ ಉತ್ತರಗಳಲ್ಲಿ ಬಲದ ಮಾತು ಜಾಸ್ತಿ.

ಸಾಲ್ವರ್ (ಸಮೀಕರಣ ಬಿಡಿಸುವ ಭಾಗ) ಕನ್ವರ್ಜ್ ಆಗುತ್ತಿಲ್ಲ, ಅಂದರೆ ಒಂದು ಉತ್ತರಕ್ಕೆ ಬಂದು ನಿಲ್ಲುತ್ತಿಲ್ಲ. ಎಲ್ಲಿಂದ ಶುರು ಮಾಡಲಿ?

ಮೊದಲು ಕೂಡಿಸಿದ್ದನ್ನು ಬಿಡಿಸಿ. ಸ್ಟ್ರಕ್ಚರಲ್ ಭಾಗವನ್ನು (ವಸ್ತು ಬಾಗುವ ಲೆಕ್ಕ) ಆಫ್ ಮಾಡಿ, ವಿದ್ಯುತ್ಕಾಂತೀಯ ಭಾಗವನ್ನು ಮಾತ್ರ ಓಡಿಸಿ. ಅದೇ ಕನ್ವರ್ಜ್ ಆಗದಿದ್ದರೆ ಕಪ್ಲಿಂಗ್ (ಎರಡರ ಜೋಡಣೆ) ಕಡೆ ನೋಡುವ ಅಗತ್ಯವೇ ಇಲ್ಲ. ಅದು ಸರಿಯಾಗಿ ಓಡಿದರೆ, ಸ್ಟ್ರಕ್ಚರಲ್ ಭಾಗಕ್ಕೆ ನೀವೇ ಕೈಯಾರೆ ಒಂದು ಬಲ ಕೊಟ್ಟು ಓಡಿಸಿ. ಹತ್ತು ನ್ಯೂಟನ್ ಅಂತ ಇಟ್ಟುಕೊಳ್ಳಿ. ವಸ್ತು ಬಾಗಿದ್ದು ಅಂದಾಜಿಗೆ ಹೊಂದುತ್ತಾ ನೋಡಿ. ಆಮೇಲೆ ಒನ್-ವೇ ಕಪ್ಲಿಂಗ್: ಕ್ಷೇತ್ರದಿಂದ ಬಲ ತೆಗೆದು ಸ್ಟ್ರಕ್ಚರ್‌ಗೆ ಕೊಡುವುದು, ಅಷ್ಟೇ. ಟು-ವೇ ಕಪ್ಲಿಂಗ್, ಅಂದರೆ ಬಾಗಿದ ಆಕಾರವನ್ನು ಮತ್ತೆ ಕ್ಷೇತ್ರದ ಲೆಕ್ಕಕ್ಕೂ ಕೊಡುವುದು, ಎಲ್ಲಕ್ಕಿಂತ ಕೊನೆಗೆ.

ಇದಕ್ಕೆ ಅರ್ಧ ದಿನ ಹಿಡಿಯುತ್ತದೆ, ನಿಜ. ಆದರೆ ಎಲ್ಲ ಒಟ್ಟಿಗೆ ಆನ್ ಇಟ್ಟು ಸಾಲ್ವರ್ ಸೆಟ್ಟಿಂಗ್ ತಿರುಗಿಸುತ್ತಾ ಕೂತರೆ ವಾರಗಳೇ ಹೋಗುತ್ತವೆ. ನಾನು ಹಾಗೆ ಎರಡು ವಾರ ಕಳೆದಿದ್ದೇನೆ. ಕೊನೆಗೆ ಸಿಕ್ಕಿದ ತಪ್ಪು ಕಾಯಿಲ್‌ನ ಒಂದು ಮುಖದಲ್ಲಿ ಕರೆಂಟ್‌ನ ದಿಕ್ಕು ತಿರುಗಿದ್ದು. ವಿದ್ಯುತ್ಕಾಂತೀಯ ಭಾಗವನ್ನು ಬೇರೆಯಾಗಿ ಓಡಿಸಿದ್ದರೆ ಹತ್ತೇ ನಿಮಿಷದಲ್ಲಿ ಕಾಣುತ್ತಿತ್ತು.

ಒನ್-ವೇ ಸಾಕಾ, ಟು-ವೇ ಬೇಕೇ ಬೇಕಾ?

ವಸ್ತು ಎಷ್ಟು ಬಾಗುತ್ತದೆ, ಗ್ಯಾಪ್ (ಎದುರುಬದುರಿನ ಭಾಗಗಳ ನಡುವಿನ ಗಾಳಿಯ ಸಂದು) ಎಷ್ಟಿದೆ, ಈ ಎರಡನ್ನು ಹೋಲಿಸಿ. ಕಬ್ಬಿಣ ಸ್ಯಾಚುರೇಟ್ ಆಗದೆ (ಇನ್ನಷ್ಟು ಕಾಂತೀಕರಣ ಆಗಲಾರದ ಮಟ್ಟ ಮುಟ್ಟದೆ), ಕರೆಂಟ್ ಬದಲಾಗದೆ ಇದ್ದರೆ, ಬಲವು ಗ್ಯಾಪ್‌ನ ವರ್ಗಕ್ಕೆ ವಿಲೋಮವಾಗಿ ಏರುತ್ತದೆ. ಗ್ಯಾಪ್ 1% ಕಮ್ಮಿಯಾದರೆ ಬಲ ಸುಮಾರು 2% ಜಾಸ್ತಿ. ಮೋಟಾರಿನ ಅರ್ಧ ಮಿಲಿಮೀಟರ್ ಗ್ಯಾಪ್‌ನಲ್ಲಿ ಸ್ಟೇಟರ್ (ತಿರುಗದ ಭಾಗ) ಒಂದು ಮೈಕ್ರಾನ್ ನಡುಗಿದರೆ ಗ್ಯಾಪ್ ಬದಲಾಗುವುದು 0.2% ಮಾತ್ರ. ಅಲ್ಲಿ ಒನ್-ವೇ ಧಾರಾಳ ಸಾಕು. ರಿಲೇಯ ಆರ್ಮೇಚರ್ (ಚಲಿಸುವ ಕಬ್ಬಿಣದ ತುಂಡು) ಇಡೀ ಗ್ಯಾಪ್ ದಾಟುತ್ತದೆ. ಅಲ್ಲಿ ಟು-ವೇ ಬಿಟ್ಟು ದಾರಿಯಿಲ್ಲ.

ಈ ಅಳತೆಗೋಲಿಗೆ ಸಿಗದ ಒಂದು ಜಾಗವಿದೆ. ಅನುರಣನ ತುಂಬಾ ಚೂಪಾಗಿರುವ ಕಡೆ ಒಂದೆರಡು ಮೈಕ್ರಾನ್ ಕೂಡ ಎಲ್ಲವನ್ನೂ ಕದಲಿಸುತ್ತದೆ. ಕಣ ವೇಗವರ್ಧಕಗಳಲ್ಲಿ ಬಳಸುವ 1.3 ಗಿಗಾಹರ್ಟ್ಜ್ ನಯೋಬಿಯಂ ಕ್ಯಾವಿಟಿಗಳಲ್ಲಿ (ಟೊಳ್ಳು ಲೋಹದ ಕೋಣೆಗಳಲ್ಲಿ) ಒಳಗಿನ ಕ್ಷೇತ್ರವೇ ಗೋಡೆಯನ್ನು ಒತ್ತಿ ಆವರ್ತನವನ್ನು ಇಳಿಸುತ್ತದೆ. ಒಂಬತ್ತು ಕೋಶಗಳ ಕ್ಯಾವಿಟಿಯಲ್ಲಿ ಇದು ಪ್ರತಿ ಮೆಗಾವೋಲ್ಟ್ ಪರ್ ಮೀಟರ್‌ನ ವರ್ಗಕ್ಕೆ ಸುಮಾರು 1 ಹರ್ಟ್ಜ್. 25 ಮೆಗಾವೋಲ್ಟ್ ಪರ್ ಮೀಟರ್‌ಗೆ 600 ಹರ್ಟ್ಜ್ ಆಸುಪಾಸು ಆಯಿತು. ಕ್ಯಾವಿಟಿಯ ಬ್ಯಾಂಡ್‌ವಿಡ್ತ್ ಕೂಡ ಕೆಲವು ನೂರು ಹರ್ಟ್ಜ್ ಅಷ್ಟೇ. ಅಂಥ ಕಡೆ ‘ಸ್ವಲ್ಪವೇ ಬಾಗಿದೆ’ ಅಂತ ಬಿಟ್ಟುಬಿಡುವ ಹಾಗಿಲ್ಲ.

ಬಂದ ಬಲ ಸರಿಯಾ ಅಂತ ಹೇಗೆ ತಿಳಿಯೋದು?

ಕಾಗದದ ಮೇಲೆ ಲೆಕ್ಕ ಹಾಕಿ ನೋಡಿ. ಮೂರು ಸಣ್ಣ ಲೆಕ್ಕಗಳು ಬಹಳಷ್ಟು ಕಡೆ ಸಾಕಾಗುತ್ತವೆ.

ಕಬ್ಬಿಣದ ಮುಖಕ್ಕೆ ನೇರವಾಗಿ ಬರುವ ಕ್ಷೇತ್ರ 1 ಟೆಸ್ಲಾ ಇದ್ದರೆ, ಎಳೆತ ಪ್ರತಿ ಚದರ ಮೀಟರ್‌ಗೆ ಸುಮಾರು 398 ಕಿಲೋನ್ಯೂಟನ್. ಒಂದು ಚದರ ಸೆಂಟಿಮೀಟರ್‌ಗೆ ಸುಮಾರು 40 ನ್ಯೂಟನ್. ಕ್ಷೇತ್ರ ಅರ್ಧವಾದರೆ ಬಲ ಕಾಲು ಭಾಗ. ನಿಮ್ಮ ರಿಲೇಯ ಪೋಲ್ ಒಂದು ಚದರ ಸೆಂಟಿಮೀಟರ್, ಗ್ಯಾಪ್‌ನಲ್ಲಿ ಅರ್ಧ ಟೆಸ್ಲಾ ಅಂದರೆ ಹತ್ತು ನ್ಯೂಟನ್ ಹತ್ತಿರ ಬರಬೇಕು. ಸಾವಿರ ನ್ಯೂಟನ್ ಬಂದಿದ್ದರೆ ಯಾವುದೋ ಯೂನಿಟ್ ತಪ್ಪಿದೆ.

ಎರಡನೆಯದು ಉದ್ದುದ್ದ ಸಮಾನಾಂತರ ತಂತಿಗಳದ್ದು. ಒಂದು ಮೀಟರ್ ದೂರದಲ್ಲಿ ತಲಾ 1 ಆಂಪಿಯರ್ ಹರಿದರೆ, ಪ್ರತಿ ಮೀಟರ್ ಉದ್ದಕ್ಕೆ ಒಂದು ನ್ಯೂಟನ್‌ನ ಕೋಟಿಯಲ್ಲಿ ಎರಡು ಭಾಗ. ಇದು ಏನೂ ಅಲ್ಲ ಅನಿಸುತ್ತೆ ಅಲ್ವಾ? ಹತ್ತು ಸೆಂಟಿಮೀಟರ್ ದೂರದ ಎರಡು ಬಸ್‌ಬಾರ್‌ಗಳಲ್ಲಿ ಶಾರ್ಟ್ ಸರ್ಕ್ಯೂಟ್ ಆಗಿ 50 ಕಿಲೋಆಂಪಿಯರ್ ಹರಿದರೆ ಅದೇ ಸೂತ್ರ ಪ್ರತಿ ಮೀಟರ್‌ಗೆ 5,000 ನ್ಯೂಟನ್ ಕೊಡುತ್ತದೆ. ಸಪೋರ್ಟ್ ಇನ್ಸುಲೇಟರ್‌ಗಳು ಒಡೆಯುವುದು ಇದರಿಂದಲೇ.

ಮೂರನೆಯದು ಸ್ಥಾಯಿ ವಿದ್ಯುತ್ತಿನದು. ಮಾಮೂಲಿ ಗಾಳಿಯಲ್ಲಿ ಕಿಡಿ ಹಾರುವ ಮಟ್ಟ, ಅಂದರೆ ಮಿಲಿಮೀಟರ್‌ಗೆ 3 ಕಿಲೋವೋಲ್ಟ್, ಕೊಡುವ ಎಳೆತ ಬರೀ 40 ಪಾಸ್ಕಲ್. 1 ಟೆಸ್ಲಾದ ಎಳೆತಕ್ಕೆ ಹೋಲಿಸಿದರೆ ಹತ್ತು ಸಾವಿರ ಪಟ್ಟು ಕಮ್ಮಿ. ದೊಡ್ಡ ಯಂತ್ರಗಳಲ್ಲಿ ಕಾಂತಬಲವನ್ನೇ ಯಾಕೆ ನೆಚ್ಚಿಕೊಳ್ಳುತ್ತಾರೆ ಅಂತ ಈ ಒಂದು ಹೋಲಿಕೆಯಲ್ಲಿ ಗೊತ್ತಾಗುತ್ತದೆ.

ಮೆಶ್ (ಲೆಕ್ಕಕ್ಕಾಗಿ ವಸ್ತುವನ್ನೂ ಗಾಳಿಯನ್ನೂ ಹೋಳು ಮಾಡಿದ ಎಲಿಮೆಂಟ್ ಎಂಬ ಸಣ್ಣ ತುಂಡುಗಳ ಬಲೆ) ಬದಲಿಸಿದಾಗೆಲ್ಲ ಬಲವೂ ಬದಲಾಗುತ್ತಿದೆ. ಯಾಕೆ?

ಬಲ ಕ್ಷೇತ್ರದ ವರ್ಗದಿಂದ ಬರುತ್ತದೆ. ಕ್ಷೇತ್ರದಲ್ಲಿ 5% ತಪ್ಪಿದ್ದರೆ ಬಲದಲ್ಲಿ 10%. ವಸ್ತುವನ್ನು ಸುತ್ತಿದ ಮೇಲ್ಮೈಯಲ್ಲಿನ ಕ್ಷೇತ್ರದಿಂದ ಬಲ ತೆಗೆಯುವ ಮ್ಯಾಕ್ಸ್‌ವೆಲ್ ಸ್ಟ್ರೆಸ್ ವಿಧಾನದಲ್ಲಿ ಇನ್ನೂ ಒಂದು ಕಷ್ಟವಿದೆ. ವಸ್ತುವಿನ ಒಂದು ಬದಿ ಈ ಕಡೆ ಎಳೆಯುತ್ತದೆ, ಇನ್ನೊಂದು ಬದಿ ಆ ಕಡೆ. ಎರಡು ದೊಡ್ಡ ಸಂಖ್ಯೆಗಳನ್ನು ಕಳೆದು ಸಣ್ಣದೊಂದು ಉಳಿಸಿಕೊಳ್ಳುತ್ತೇವೆ. ಆ ಸಣ್ಣದರಲ್ಲಿ ಮೆಶ್‌ನ ತಪ್ಪೆಲ್ಲ ಬಂದು ಕೂರುತ್ತದೆ.

ಮಾಡಬೇಕಾದ್ದು: ಗ್ಯಾಪ್‌ನ ಗಾಳಿಯಲ್ಲಿ ಒಂದೇ ಪದರ ಎಲಿಮೆಂಟ್ ಇದ್ದರೆ ಮೂರು ನಾಲ್ಕು ಪದರ ಮಾಡಿ. ಕಬ್ಬಿಣವನ್ನು ಎಷ್ಟು ನಯವಾಗಿ ಮೆಶ್ ಮಾಡಿದರೂ ಗಾಳಿ ಒರಟಾಗಿದ್ದರೆ ಬಲ ಸರಿ ಬರುವುದಿಲ್ಲ. ಎರಡನೇ ದರ್ಜೆಯ ಎಲಿಮೆಂಟ್ ಬಳಸಿ. ಬಲ ಲೆಕ್ಕ ಹಾಕುವ ಮೇಲ್ಮೈ ವಸ್ತುವನ್ನು ಪೂರ್ತಿ ಸುತ್ತಿರಬೇಕು, ಗಾಳಿಯ ಒಳಗೇ ಇರಬೇಕು. ಆಮೇಲೆ ಅದೇ ಬಲವನ್ನು ವರ್ಚುವಲ್ ವರ್ಕ್ ವಿಧಾನದಲ್ಲೂ (ವಸ್ತು ಚೂರು ಸರಿದರೆ ಶಕ್ತಿ ಎಷ್ಟು ಬದಲಾಗುತ್ತದೆ ಅನ್ನುವುದರಿಂದ) ತೆಗೆಯಿರಿ. ಎರಡೂ ಹತ್ತಿರ ಬಂದರೆ ನೆಮ್ಮದಿ. ದೂರ ಇದ್ದರೆ ಮೆಶ್ ಇನ್ನೂ ಸಾಲದು.

ಚೂಪಾದ ಮೂಲೆಗಳ ಬಗ್ಗೆ ಒಂದು ಮಾತು. ಕಬ್ಬಿಣದ ಹೊರಮೂಲೆಯಲ್ಲಿ ಕ್ಷೇತ್ರ ಲೆಕ್ಕದ ಪ್ರಕಾರ ಅನಂತಕ್ಕೆ ಹೋಗುತ್ತದೆ. ಮೆಶ್ ನಯವಾದಷ್ಟೂ ಅಲ್ಲಿನ ಸಂಖ್ಯೆ ಏರುತ್ತಲೇ ಇರುತ್ತದೆ. ಒಟ್ಟು ಬಲ ಮಾತ್ರ ಒಂದು ಬೆಲೆಗೆ ಬಂದು ನಿಲ್ಲುತ್ತದೆ. ಹಾಗಾಗಿ ಮೂಲೆಯ ನೋಡ್‌ನ ಬಲವನ್ನು ಒಂಟಿಯಾಗಿ ನೋಡಿ ಗಾಬರಿಯಾಗಬೇಡಿ. ಆ ಜಾಗದ ಸ್ಟ್ರೆಸ್ ನಿಮಗೆ ಬೇಕೇ ಬೇಕು ಅಂದರೆ ಮೂಲೆಯನ್ನು ದುಂಡಗೆ ಮಾಡಿ. ನಿಜವಾದ ಭಾಗದಲ್ಲೂ ಸ್ವಲ್ಪ ದುಂಡಗೇ ಇರುತ್ತದೆ.

ಒಂದು ಮಾಡೆಲ್ 40 ನ್ಯೂಟನ್ ಅನ್ನುತ್ತೆ, ಸ್ಟ್ರಕ್ಚರಲ್ ಮಾಡೆಲ್‌ಗೆ 10 ಮಾತ್ರ ತಲುಪಿದೆ. ಬಾಕಿ ಎಲ್ಲಿ ಹೋಯಿತು?

ಸರಿಯಾಗಿ ನಾಲ್ಕರ ಅನುಪಾತ ಇದ್ದರೆ ಸಿಮೆಟ್ರಿ ನೋಡಿ. ಕಾಲು ಭಾಗದ ಮಾಡೆಲ್ ಓಡಿಸಿದಾಗ ಕೆಲವು ರಿಪೋರ್ಟ್‌ಗಳು ಪೂರ್ತಿ ಬಲ ತೋರಿಸುತ್ತವೆ, ಮ್ಯಾಪ್ ಆಗಿ (ಒಂದು ಮೆಶ್‌ನಿಂದ ಇನ್ನೊಂದಕ್ಕೆ ದಾಟಿ) ಹೋಗುವುದು ಕಾಲು ಭಾಗದ್ದೇ. ಟೂ-ಡಿ ಮಾಡೆಲ್‌ನಲ್ಲಿ ಬಲ ಪ್ರತಿ ಮೀಟರ್ ಆಳಕ್ಕೆ ಬರುತ್ತದೆ. ಆಳ 40 ಮಿಲಿಮೀಟರ್ ಇದ್ದು ನೀವು ಗುಣಿಸದಿದ್ದರೆ 25 ಪಟ್ಟು ತಪ್ಪು.

ಅನುಪಾತ ಹೀಗೆ ನೀಟಾಗಿಲ್ಲದಿದ್ದರೆ ಮ್ಯಾಪಿಂಗ್ ನೋಡಿ. ಎರಡು ಮೆಶ್‌ಗಳ ನಡುವೆ ಒತ್ತಡದ ಬೆಲೆಯನ್ನು ಸುಮ್ನೆ ಇಂಟರ್ಪೊಲೇಟ್ ಮಾಡಿದರೆ ಒಟ್ಟು ಬಲ ಉಳಿಯುತ್ತದೆ ಅನ್ನುವ ಖಾತ್ರಿಯಿಲ್ಲ. ಒಟ್ಟು ಬಲವನ್ನು ಕಾಪಾಡುವ ಮ್ಯಾಪಿಂಗ್ ಆಯ್ಕೆ ಇದ್ದರೆ ಅದನ್ನೇ ತೆಗೆದುಕೊಳ್ಳಿ. ಪ್ರತಿ ಸಲ ಎರಡೂ ಕಡೆಯ ಒಟ್ಟು ಬಲ ಮತ್ತು ಒಟ್ಟು ತಿರುಚು ಬಲ ಎರಡನ್ನೂ ಹೋಲಿಸಿ. ಬಲ ಸರಿ ಇದ್ದು ತಿರುಚು ಬಲ ತಪ್ಪಿದ್ದರೆ, ಬಲ ತಪ್ಪು ಜಾಗದಲ್ಲಿ ಕೂತಿದೆ ಅಂತ ಅರ್ಥ. ಎರಡು ಮಾಡೆಲ್‌ಗಳ ಅಕ್ಷಗಳು ಒಂದೇ ಕಡೆ ಇವೆಯಾ ಅಂತಲೂ ನೋಡಿ.

ಬಲ ಸರಿಯಾಗಿ ಎರಡರಷ್ಟು ಬಂದರೆ? ಒಂದೇ ಬಲವನ್ನು ಎರಡು ಸಲ ಕೊಟ್ಟಿರುವ ಸಾಧ್ಯತೆ ಹೆಚ್ಚು. ಮೇಲ್ಮೈಗೆ ಮ್ಯಾಕ್ಸ್‌ವೆಲ್ ಸ್ಟ್ರೆಸ್, ಒಳಗೆ ಲೊರೆಂಟ್ಜ್ ಬಲ (ಕಾಂತಕ್ಷೇತ್ರದಲ್ಲಿ ಹರಿಯುವ ಕರೆಂಟ್ ಮೇಲಿನ ಬಲ), ಎರಡೂ ಆನ್ ಇದ್ದರೆ ಹೀಗಾಗುತ್ತದೆ. ಕರೆಂಟ್ ಹರಿಯುವ ತಾಮ್ರ, ಅಲ್ಯೂಮಿನಿಯಂಗೆ ಲೊರೆಂಟ್ಜ್ ಬಲ ಸಾಕು. ಕಬ್ಬಿಣದಲ್ಲಿ ಅದೊಂದೇ ಸಾಲದು.

ಕರೆಂಟ್ 50 ಹರ್ಟ್ಜ್, ಕಂಪನ 100 ಹರ್ಟ್ಜ್‌ನಲ್ಲಿ ಬರುತ್ತಿದೆ. ಇದು ತಪ್ಪಾ?

ತಪ್ಪಲ್ಲ, ಹಾಗೇ ಬರಬೇಕು. ಕರೆಂಟ್ ಯಾವ ದಿಕ್ಕಿಗೆ ಹರಿದರೂ ಅಯಸ್ಕಾಂತ ಕಬ್ಬಿಣವನ್ನು ಎಳೆಯುತ್ತದೆ, ತಳ್ಳುವುದಿಲ್ಲ. ಒಂದು ಸುತ್ತಿನಲ್ಲಿ ಎರಡು ಸಲ ಎಳೆತ. ಗ್ಯಾಪ್‌ನಲ್ಲಿ ಕ್ಷೇತ್ರದ ಶಿಖರ 1 ಟೆಸ್ಲಾ ಇದ್ದರೆ ಎಳೆತ ಸುಮಾರು 199 ಕಿಲೋಪಾಸ್ಕಲ್‌ನ ಸ್ಥಿರ ಭಾಗ, ಅದರ ಮೇಲೆ ಅಷ್ಟೇ ಏರಿಳಿತದ 100 ಹರ್ಟ್ಜ್ ಭಾಗ. 50 ಹರ್ಟ್ಜ್ ಟ್ರಾನ್ಸ್‌ಫಾರ್ಮರ್ ಗುಂಯ್ಗುಡುವ ಮೂಲ ಸ್ವರವೂ 100 ಹರ್ಟ್ಜ್. ಅಲ್ಲಿ ಕೋರ್‌ನ ಮ್ಯಾಗ್ನೆಟೋಸ್ಟ್ರಿಕ್ಷನ್ ಮುಖ್ಯ ಕಾರಣ, ಅಂದರೆ ಕಾಂತೀಕರಣ ಆದಾಗ ಉಕ್ಕು ತಾನೇ ಚೂರು ಉದ್ದವಾಗುವುದು. ಅದಕ್ಕೂ ದಿಕ್ಕಿನ ಹಂಗಿಲ್ಲ.

ತೊಂದರೆ ಇರುವುದು ಫ್ರೀಕ್ವೆನ್ಸಿ ಡೊಮೇನ್ ಸಾಲ್ವರ್‌ನಲ್ಲಿ, ಅಂದರೆ ಕೊಟ್ಟ ಒಂದು ಆವರ್ತನಕ್ಕೆ ಲೆಕ್ಕ ಹಾಕುವ ಸಾಲ್ವರ್‌ನಲ್ಲಿ. ಎರಡೂ ಭಾಗಕ್ಕೆ 50 ಹರ್ಟ್ಜ್ ಕೊಟ್ಟು ಕಪ್ಲಿಂಗ್ ಆನ್ ಮಾಡಿದರೆ ಒಂದು ಉತ್ತರ ಬಂದೇ ಬರುತ್ತದೆ, ಎಚ್ಚರಿಕೆಯ ಸಂದೇಶ ಬರದೇ ಇರಬಹುದು. ಅದು ತಪ್ಪು ಉತ್ತರ. ವಿದ್ಯುತ್ಕಾಂತೀಯ ಭಾಗವನ್ನು 50ರಲ್ಲಿ ಬಿಡಿಸಿ, ಬಲದ ಸ್ಥಿರ ಭಾಗವನ್ನೂ ಎರಡು ಪಟ್ಟಿನ ಭಾಗವನ್ನೂ ಬೇರೆ ಬೇರೆ ತೆಗೆದು, ಸ್ಟ್ರಕ್ಚರ್ ಅನ್ನು 100ರಲ್ಲಿ ಬಿಡಿಸಬೇಕು. ಸಾಫ್ಟ್‌ವೇರ್ ಕೇಳುವುದು ಶಿಖರ ಬೆಲೆಯಾ, ಆರ್‌ಎಂಎಸ್ ಬೆಲೆಯಾ ಅನ್ನುವುದನ್ನೂ ನೋಡಿ. ಇಲ್ಲಿ ಎಡವಿದರೆ ಬಲ ಸರಿಯಾಗಿ ಎರಡು ಪಟ್ಟು ತಪ್ಪುತ್ತದೆ.

ಸ್ಪೀಕರ್ ಮಾತ್ರ ಕೊಟ್ಟ ಸ್ವರದಲ್ಲೇ ಆಡುತ್ತದೆ ಅಲ್ವಾ, ಅದು ಹೇಗೆ ಅಂತ ಕೇಳಬಹುದು. ಅಲ್ಲಿ ಶಾಶ್ವತ ಅಯಸ್ಕಾಂತದ ದೊಡ್ಡ ಸ್ಥಿರ ಕ್ಷೇತ್ರವಿದೆ. ಅದರ ಜೊತೆ ಸಣ್ಣ ಕರೆಂಟ್ ಗುಣಿಸಿದಾಗ ಬಲವೂ ಅದೇ ಆವರ್ತನದಲ್ಲಿ ಬರುತ್ತದೆ. ಇಂಥ ಮಾಡೆಲ್‌ಗೆ ಮೊದಲು ಸ್ಥಿರ ಕ್ಷೇತ್ರ ಬಿಡಿಸಿ, ಅದರ ಸುತ್ತ ಸಣ್ಣ ಏರಿಳಿತವನ್ನು ಬಿಡಿಸುವ ವಿಧಾನ ಸರಿ.

ವಸ್ತು ಸರಿದಾಗ ಗಾಳಿಯ ಮೆಶ್ ಮಗುಚಿಕೊಳ್ಳುತ್ತದೆ. ಏನು ಮಾಡಲಿ?

ಗಾಳಿಯ ಎಲಿಮೆಂಟ್‌ಗಳು ವಸ್ತುವಿನ ಜೊತೆ ಹಿಗ್ಗಬೇಕು, ಕುಗ್ಗಬೇಕು. ಗ್ಯಾಪ್ ಅರ್ಧಕ್ಕಿಂತ ಕಮ್ಮಿಯಾದರೆ ಸಾದಾ ಸ್ಮೂತಿಂಗ್ (ಎಲಿಮೆಂಟ್‌ಗಳನ್ನು ಸರಿಸಿ ಹೊಂದಿಸುವುದು) ಕೈಚೆಲ್ಲುತ್ತದೆ. ಹೈಪರ್‌ಎಲಾಸ್ಟಿಕ್ ಸ್ಮೂತಿಂಗ್ ಇದ್ದರೆ ಹಾಕಿ. ಗ್ಯಾಪ್‌ನಲ್ಲಿ ತ್ರಿಕೋನಗಳ ಬದಲು ಪದರ ಪದರದ ಚೌಕ ಎಲಿಮೆಂಟ್ ಇಟ್ಟರೆ ಅವು ಚಪ್ಪಟೆಯಾಗುತ್ತವೆಯೇ ಹೊರತು ಬೇಗ ಮಗುಚುವುದಿಲ್ಲ. ಅದಕ್ಕೂ ಮೀರಿದರೆ ರೀಮೆಶ್. ತಿರುಗುವ ಯಂತ್ರಕ್ಕೆ ಸ್ಲೈಡಿಂಗ್ ಮೆಶ್.

ಗ್ಯಾಪ್ ಪೂರ್ತಿ ಮುಚ್ಚಲು ಬಿಡಬೇಡಿ. ಗಾಳಿಯ ಎಲಿಮೆಂಟ್ ಸೊನ್ನೆ ದಪ್ಪ ಆದ ಕ್ಷಣ ಲೆಕ್ಕ ನಿಲ್ಲುತ್ತದೆ. ಕಾಂಟ್ಯಾಕ್ಟ್ ಅನ್ನು ಸ್ವಲ್ಪ ಮೊದಲೇ ತಡೆಯುವ ಹಾಗೆ ಆಫ್‌ಸೆಟ್ ಕೊಡಿ. ಇನ್ನೊಂದು ವಿಷಯ, ಗಾಳಿಗೆ ಸ್ಟ್ರಕ್ಚರಲ್ ಗುಣ ಕೊಟ್ಟು ಸುಳ್ಳು ಗಡಸುತನ ಸೇರಿಸಿದ್ದೀರಾ ನೋಡಿ. ತೆಳು ಪೊರೆಯಂಥ ವಸ್ತುವಿನಲ್ಲಿ ಆ ಗಾಳಿಯೇ ಅದನ್ನು ಹಿಡಿದು ನಿಲ್ಲಿಸಿಬಿಡುತ್ತದೆ.

ವೋಲ್ಟೇಜ್ ಒಂದು ಮಟ್ಟ ದಾಟಿದ ಕೂಡಲೇ ಸಾಲ್ವರ್ ಕುಸಿಯುತ್ತದೆ. ಸೆಟ್ಟಿಂಗ್ ತಪ್ಪಾ?

ಸೆಟ್ಟಿಂಗ್ ಮುಟ್ಟುವ ಮೊದಲು ಪುಲ್-ಇನ್ ಆಗಿದೆಯಾ ನೋಡಿ. ಸ್ಪ್ರಿಂಗ್ ಮೇಲೆ ನಿಂತ ಸಮತಟ್ಟಾದ ಪ್ಲೇಟ್ ಎದುರಿನ ಪ್ಲೇಟ್ ಕಡೆಗೆ ಗ್ಯಾಪ್‌ನ ಮೂರನೇ ಒಂದು ಭಾಗ ಸರಿದ ಮೇಲೆ ಸ್ಥಿರವಾದ ಸಮತೋಲನ ಉಳಿಯುವುದಿಲ್ಲ. ಸ್ಪ್ರಿಂಗ್ ಹಿಡಿತಕ್ಕಿಂತ ವಿದ್ಯುತ್ ಎಳೆತ ಬೇಗ ಏರುತ್ತದೆ, ಪ್ಲೇಟ್ ಪಟ್ಟನೆ ಹೋಗಿ ಅಂಟುತ್ತದೆ. 2 ಮೈಕ್ರಾನ್ ಗ್ಯಾಪ್ ಇದ್ದರೆ ಸುಮಾರು 0.67 ಮೈಕ್ರಾನ್‌ಗೇ ಈ ಅಂಚು. ಅದರಾಚೆ ಸ್ಥಿರ ಉತ್ತರ ಇಲ್ಲದ ಕಾರಣ ಸಾಲ್ವರ್‌ಗೆ ಅದು ಸಿಗುವುದೂ ಇಲ್ಲ. ಇಲ್ಲಿ ಸಾಲ್ವರ್ ನಿಮಗೆ ನಿಜವನ್ನೇ ಹೇಳುತ್ತಿದೆ.

ಅಂಚು ಎಲ್ಲಿದೆ ಅಂತ ನಿಖರವಾಗಿ ಬೇಕಿದ್ದರೆ ಲೆಕ್ಕವನ್ನು ತಿರುಗಿಸಿ. ವೋಲ್ಟೇಜ್ ಕೊಟ್ಟು ಜಾಗ ಹುಡುಕುವ ಬದಲು, ಪ್ಲೇಟ್ ಇಷ್ಟು ಸರಿಯಬೇಕು ಅಂತ ಕೊಟ್ಟು ಅದಕ್ಕೆ ಬೇಕಾದ ವೋಲ್ಟೇಜ್ ಕೇಳಿ. ಆ ಗೆರೆ ಏರಿ, ತುದಿ ಮುಟ್ಟಿ, ಇಳಿಯುತ್ತದೆ. ತುದಿಯೇ ಪುಲ್-ಇನ್ ವೋಲ್ಟೇಜ್. ಈ ಗೆರೆಯನ್ನು ಮೊದಲ ಸಲ ತೆರೆಯ ಮೇಲೆ ನೋಡಿದಾಗ ಆಗುವ ಖುಷಿಯೇ ಬೇರೆ. ಪುಲ್-ಇನ್ ಹತ್ತಿರವಾದ ಹಾಗೆ ಸ್ವಾಭಾವಿಕ ಆವರ್ತನವೂ ಇಳಿಯುತ್ತದೆ. ಬಯಾಸ್ (ಸ್ಥಿರ ವೋಲ್ಟೇಜ್) ಕೊಟ್ಟ ಮೇಲೆ ಆವರ್ತನ ಬದಲಾಗಲೇ ಇಲ್ಲ ಅಂದರೆ ಕಪ್ಲಿಂಗ್ ಕೆಲಸ ಮಾಡುತ್ತಿಲ್ಲ.

‘ಮ್ಯಾಟ್ರಿಕ್ಸ್ ಸಿಂಗ್ಯುಲರ್’ (ಸಮೀಕರಣಗಳಿಗೆ ಒಂದೇ ಒಂದು ಉತ್ತರವಿಲ್ಲ) ಅಂತ ಬರುತ್ತದೆ.

ಸ್ಟ್ರಕ್ಚರಲ್ ಕಡೆ ಆದರೆ ವಸ್ತುವನ್ನು ಎಲ್ಲೂ ಹಿಡಿದಿಲ್ಲ, ಅದು ತೇಲುತ್ತಿದೆ. ಸ್ಥಾಯಿ ವಿದ್ಯುತ್ತಿನಲ್ಲಿ ಆದರೆ ಎಲ್ಲೂ ಗ್ರೌಂಡ್ ಕೊಟ್ಟಿಲ್ಲ. ಮೂರು ಆಯಾಮದ ಕಾಂತಕ್ಷೇತ್ರದಲ್ಲಿ ಆದರೆ ಗೇಜ್ (ಪೊಟೆನ್ಷಿಯಲ್ ಅನ್ನು ಒಂದೇ ಬೆಲೆಗೆ ನಿಲ್ಲಿಸುವ ಷರತ್ತು) ನಿಗದಿಯಾಗಿಲ್ಲ, ಇಲ್ಲವೇ ಕೊಟ್ಟ ಕರೆಂಟ್ ಎಲ್ಲೋ ಕಡಿದುಹೋಗಿದೆ. ಗಾಳಿಗೆ ತೀರಾ ಸಣ್ಣ ವಾಹಕತೆ ಕೊಡುವ ಹಳೆಯ ಉಪಾಯವೂ ಹಲವು ಸಲ ಕೆಲಸಕ್ಕೆ ಬರುತ್ತದೆ.

ಪೀಜೋ ಮಾಡೆಲ್‌ನಲ್ಲಿ ವಸ್ತು ಉಲ್ಟಾ ದಿಕ್ಕಿಗೆ ಬಾಗುತ್ತದೆ, ಇಲ್ಲಾ ಬಾಗುವುದೇ ಇಲ್ಲ.

ಪೀಜೋದಲ್ಲಿ (ವೋಲ್ಟೇಜ್ ಕೊಟ್ಟರೆ ಆಕಾರ ಬದಲಿಸುವ ವಸ್ತುವಿನಲ್ಲಿ) ಸಾಲ್ವರ್ ತಪ್ಪು ಮಾಡುವುದು ಅಪರೂಪ. ಡೇಟಾ ತುಂಬುವಾಗ ನಾವೇ ತಪ್ಪುತ್ತೇವೆ. ಒಂದೇ ವಸ್ತುವನ್ನು ಬರೆಯಲು ಎರಡು ರೂಪಗಳಿವೆ. ಸ್ಟ್ರೇನ್-ಚಾರ್ಜ್ ರೂಪದಲ್ಲಿ ‘ಡಿ’ ಮ್ಯಾಟ್ರಿಕ್ಸ್, ಸ್ಟ್ರೆಸ್-ಚಾರ್ಜ್ ರೂಪದಲ್ಲಿ ‘ಇ’ ಮ್ಯಾಟ್ರಿಕ್ಸ್. ಒಂದರ ಜಾಗಕ್ಕೆ ಇನ್ನೊಂದರ ಸಂಖ್ಯೆ ಹಾಕಿದರೆ ಉತ್ತರ ಎಲ್ಲೋ ಹೋಗುತ್ತದೆ. ನಿರ್ವಾತಕ್ಕೆ ಹೋಲಿಸಿ ಹೇಳುವ ಪರ್ಮಿಟಿವಿಟಿಯೂ ಎರಡು ಥರ. ಪಿಜೆಡ್‌ಟಿ-5ಎ ಎಂಬ ಪೀಜೋ ಸೆರಾಮಿಕ್‌ಗೆ ಸ್ಥಿರ ಸ್ಟ್ರೆಸ್‌ನಲ್ಲಿ ಸುಮಾರು 1,700, ಸ್ಥಿರ ಸ್ಟ್ರೇನ್‌ನಲ್ಲಿ ಸುಮಾರು 830. ಎರಡು ಪಟ್ಟು ವ್ಯತ್ಯಾಸ.

ಸಾಲಿನ ಕ್ರಮವನ್ನೂ ನೋಡಿ. ಪುಸ್ತಕಗಳಲ್ಲಿ, ಐಇಇಇ ಮಾನದಂಡದಲ್ಲಿ ಶಿಯರ್‌ನ ಕ್ರಮ ವೈ-ಜೆಡ್, ಎಕ್ಸ್-ಜೆಡ್, ಎಕ್ಸ್-ವೈ. ಆನ್ಸಿಸ್ ಸಾಫ್ಟ್‌ವೇರ್‌ನಲ್ಲಿ ಎಕ್ಸ್-ವೈ, ವೈ-ಜೆಡ್, ಎಕ್ಸ್-ಜೆಡ್. ಪುಸ್ತಕದಿಂದ ಹಾಗೇ ನಕಲು ಮಾಡಿದರೆ ಶಿಯರ್ ಕಪ್ಲಿಂಗ್ ಬೇರೆ ಅಕ್ಷಕ್ಕೆ ಹೋಗಿ ಕೂರುತ್ತದೆ. ಪೋಲ್ ಮಾಡಿದ (ತಯಾರಿಸುವಾಗ ವಿದ್ಯುತ್ ಕ್ಷೇತ್ರ ಕೊಟ್ಟ) ದಿಕ್ಕು ಸಾಮಾನ್ಯವಾಗಿ ಜೆಡ್. ನಿಮ್ಮ ಪ್ಲೇಟ್‌ನ ದಪ್ಪ ವೈ ದಿಕ್ಕಿಗಿದ್ದರೆ ವಸ್ತುವಿನ ಅಕ್ಷವನ್ನು ತಿರುಗಿಸಬೇಕು.

ಪರೀಕ್ಷೆ ಸುಲಭ. ಯಾವ ಕಡೆಯೂ ಹಿಡಿತವಿಲ್ಲದ ಪ್ಲೇಟ್‌ಗೆ ದಪ್ಪದ ದಿಕ್ಕಿನಲ್ಲಿ 100 ವೋಲ್ಟ್ ಕೊಡಿ. ಪಿಜೆಡ್‌ಟಿ-5ಎ ಆದರೆ ದಪ್ಪ ಸುಮಾರು 37 ನ್ಯಾನೋಮೀಟರ್ ಬದಲಾಗಬೇಕು. ಪ್ಲೇಟ್ ಎಷ್ಟೇ ದಪ್ಪ ಇರಲಿ, ಅಷ್ಟೇ.

ಅಲ್ಯೂಮಿನಿಯಂ ಪ್ಲೇಟ್ ಅಯಸ್ಕಾಂತಗಳ ನಡುವೆ ಆಡುತ್ತಲೇ ಇದೆ, ನಿಲ್ಲುತ್ತಿಲ್ಲ.

ಪ್ಲೇಟ್‌ನ ವೇಗ ವಿದ್ಯುತ್ಕಾಂತೀಯ ಭಾಗಕ್ಕೆ ತಲುಪುತ್ತಿಲ್ಲ. ಲೋಹ ಕ್ಷೇತ್ರದಲ್ಲಿ ಚಲಿಸಿದಾಗ ಎಡ್ಡಿ ಕರೆಂಟ್ (ಲೋಹದೊಳಗೆ ಸುಳಿಯುವ ಕರೆಂಟ್) ಹುಟ್ಟಬೇಕು, ಅದೇ ಬ್ರೇಕ್. ಜಾಗ ಬದಲಾದದ್ದನ್ನು ಮಾತ್ರ ದಾಟಿಸಿ ವೇಗವನ್ನು ಬಿಟ್ಟರೆ ಬ್ರೇಕ್ ಇಲ್ಲ. ವೇಗದಿಂದ ಬರುವ ವಿದ್ಯುತ್ ಕ್ಷೇತ್ರದ ಪದವನ್ನು ಆನ್ ಮಾಡಿ. ಕಾಯಿಲ್‌ಗೆ ಕರೆಂಟ್ ಬದಲು ವೋಲ್ಟೇಜ್ ಕೊಡುವ ಮಾಡೆಲ್‌ನಲ್ಲೂ ಇದೇ ಎಚ್ಚರ ಬೇಕು.

ಎಡ್ಡಿ ಕರೆಂಟ್‌ಗೆ ಮೆಶ್ ಎಷ್ಟು ನಯ ಇರಬೇಕು?

ಸ್ಕಿನ್ ಡೆಪ್ತ್ (ಕರೆಂಟ್ ಮೇಲ್ಮೈಯಿಂದ ಒಳಗೆ ಇಳಿಯುವ ಆಳ) ಒಳಗೆ ಕನಿಷ್ಠ ಎರಡು ಮೂರು ಎಲಿಮೆಂಟ್. ತಾಮ್ರದಲ್ಲಿ 50 ಹರ್ಟ್ಜ್‌ಗೆ ಅದು ಸುಮಾರು 9.3 ಮಿಲಿಮೀಟರ್, 10 ಕಿಲೋಹರ್ಟ್ಜ್‌ಗೆ ಸುಮಾರು 0.65. ಉಕ್ಕಿನಲ್ಲಿ 50 ಹರ್ಟ್ಜ್‌ಗೇ ಒಂದು ಮಿಲಿಮೀಟರ್ ಆಸುಪಾಸಿಗೆ ಇಳಿಯುತ್ತದೆ, ಯಾಕೆಂದರೆ ಅದರ ಪರ್ಮಿಯಬಿಲಿಟಿ ಜಾಸ್ತಿ. ಸ್ಟ್ರಕ್ಚರಲ್ ಭಾಗಕ್ಕೆ ಇಷ್ಟು ನಯವಾದ ಮೆಶ್ ಬೇಕಿಲ್ಲ. ಎರಡಕ್ಕೂ ಬೇರೆ ಬೇರೆ ಮೆಶ್ ಇಟ್ಟರೆ ಸಮಯ ಉಳಿಯುತ್ತದೆ.

ಕ್ಷೇತ್ರ ಸಿಮೆಟ್ರಿಕ್ ಆಗಿದೆ. ಸ್ಟ್ರಕ್ಚರ್ ಅನ್ನೂ ಅರ್ಧ ಮಾಡಬಹುದಾ?

ಸ್ಥಿರ ಬಲಕ್ಕೆ ಮಾಡಬಹುದು. ಕಂಪನಕ್ಕೆ ಮಾಡಬೇಡಿ. ಅರ್ಧ ಮಾಡಿದ ಮಾಡೆಲ್ ಆಂಟಿಸಿಮೆಟ್ರಿಕ್ ಮೋಡ್‌ಗಳನ್ನು (ಎರಡು ಅರ್ಧಗಳು ಒಂದಕ್ಕೊಂದು ಉಲ್ಟಾ ಆಡುವ ಕಂಪನಗಳನ್ನು) ತೋರಿಸುವುದೇ ಇಲ್ಲ. ಮೋಟಾರ್‌ನಲ್ಲಿ ರೋಟರ್ ಒಂದು ಕೂದಲೆಳೆಯಷ್ಟು ಮಧ್ಯದಿಂದ ಸರಿದರೂ ಒಂದು ಬದಿಯ ಎಳೆತ ಜಾಸ್ತಿಯಾಗುತ್ತದೆ, ಅರ್ಧ ಮಾಡೆಲ್‌ಗೆ ಅದು ಕಾಣುವುದಿಲ್ಲ.

ಬಿ-ಎಚ್ ಕರ್ವ್ (ಕಬ್ಬಿಣ ಎಷ್ಟು ಕಾಂತೀಕರಣ ಆಗುತ್ತದೆ ಅಂತ ಹೇಳುವ ಗೆರೆ) ಹಾಕಿದ ಮೇಲೆ ಇಟರೇಶನ್ ಅತ್ತಿತ್ತ ಓಲಾಡುತ್ತದೆ.

ಕರ್ವ್‌ನ ಪಾಯಿಂಟ್‌ಗಳನ್ನು ಗ್ರಾಫ್ ಮಾಡಿ, ಇಳಿಜಾರನ್ನು ಕಣ್ಣಾರೆ ನೋಡಿ. ಅಳತೆಯ ಡೇಟಾದಲ್ಲಿ ಸಣ್ಣ ಏರುಪೇರು ಇದ್ದರೆ ನ್ಯೂಟನ್ ವಿಧಾನ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಕೊನೆಯ ಪಾಯಿಂಟ್‌ನಿಂದ ಮುಂದೆ ಕರ್ವ್ ಗಾಳಿಯ ಇಳಿಜಾರಿನಲ್ಲೇ ಹೋಗಬೇಕು. ಡೇಟಾ ಗಾಸ್, ಅರ್ಸ್ಟೆಡ್‌ನಲ್ಲಿದ್ದರೆ ಮೊದಲು ಬದಲಿಸಿ. 1 ಟೆಸ್ಲಾ ಅಂದರೆ 10,000 ಗಾಸ್.

ಟು-ವೇ ಲೆಕ್ಕವೂ ಹೀಗೇ ಓಲಾಡಿದರೆ ಪ್ರತಿ ಹಂತದಲ್ಲಿ ಬಲದ ಬದಲಾವಣೆಯ ಅರ್ಧವನ್ನು ಮಾತ್ರ ದಾಟಿಸಿ. ಏಟ್ಕೆನ್ ರಿಲ್ಯಾಕ್ಸೇಶನ್ ಇದ್ದರೆ ಆ ಪ್ರಮಾಣವನ್ನು ಅದೇ ಆರಿಸಿಕೊಳ್ಳುತ್ತದೆ.

ಎಲ್ಲ ಸರಿ ಇದೆ, ಆದರೂ ಅಳತೆಗೆ ಹೊಂದುತ್ತಿಲ್ಲ.

ಬಿಸಿಯನ್ನು ಸೇರಿಸಿದ್ದೀರಾ? ತಾಮ್ರ ಪ್ರತಿ ಡಿಗ್ರಿಗೆ ಹತ್ತು ಲಕ್ಷದಲ್ಲಿ 17 ಭಾಗ ಹಿಗ್ಗುತ್ತದೆ. 50 ಡಿಗ್ರಿ ಏರಿದರೆ ಒಂದು ಮೀಟರ್ ಬಸ್‌ಬಾರ್ 0.85 ಮಿಲಿಮೀಟರ್ ಉದ್ದವಾಗುತ್ತದೆ. ಮಾಮೂಲಿ ಕರೆಂಟ್‌ನಲ್ಲಿ ಲೊರೆಂಟ್ಜ್ ಬಲ ಬಾಗಿಸುವುದು ಇದರ ಮುಂದೆ ತೀರಾ ಸಣ್ಣದು. ಆಮೇಲೆ ಡ್ಯಾಂಪಿಂಗ್. ಅನುರಣನದ ಎತ್ತರವನ್ನು ಬಹುಪಾಲು ಅದೇ ನಿರ್ಧರಿಸುತ್ತದೆ, ಅದನ್ನು ಅಳತೆಯಿಂದಲೇ ತರಬೇಕು.

ನನ್ನ ಸೆಟಪ್ ನಂಬಬಹುದಾ ಅಂತ ಪರೀಕ್ಷಿಸಲು ತಯಾರಿರುವ ಮಾದರಿ ಲೆಕ್ಕಗಳು ಇವೆಯಾ?

ಇವೆ. ‘ಟೀಮ್’ ಹೆಸರಿನ ಸರಣಿಯನ್ನು ವಿದ್ಯುತ್ಕಾಂತೀಯ ಲೆಕ್ಕದವರು ದಶಕಗಳಿಂದ ಬಳಸುತ್ತಿದ್ದಾರೆ. 20ನೇ ಲೆಕ್ಕ ಉಕ್ಕಿನ ಮೇಲಿನ ಸ್ಥಿರ ಬಲದ್ದು. 28ನೆಯದು ಎರಡು ಕಾಯಿಲ್‌ಗಳ ಮೇಲೆ ತೇಲುವ ಅಲ್ಯೂಮಿನಿಯಂ ತಟ್ಟೆ, ಟು-ವೇ ಕಪ್ಲಿಂಗ್‌ಗೆ ಹೇಳಿಮಾಡಿಸಿದ್ದು. 12ನೆಯದು ಒಂದು ಕಡೆ ಹಿಡಿದ ತೊಲೆ ಕ್ಷೇತ್ರದಲ್ಲಿ ಬಾಗಿ ಆಡುವುದು. 20ರಿಂದ ಶುರು ಮಾಡಿ. ಅಲ್ಲಿ ಏನೂ ಚಲಿಸುವುದಿಲ್ಲ, ಹಾಗಾಗಿ ಬಲ ತಪ್ಪಿದರೆ ಕ್ಷೇತ್ರವನ್ನೂ ಮೆಶ್ ಅನ್ನೂ ಬಿಟ್ಟು ಬೇರೆ ಕಡೆ ಹುಡುಕಬೇಕಿಲ್ಲ.